ಮೇಳಕ್ಕೆ ಬಿಟ್ಟ ಜಾಗ

ಮೇಘಾ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು.

ನಾನು ಬಾಗಿಲ ಹತ್ತಿರ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದೆ. “ಇನ್ನೊಂದು ಯಾರಿಗೆ ದಾನಾ ಮಾಡಿ ಬಂದ್ಯವಾ?” ಎಂದೆ. ನನ್ನ ಮೊಮ್ಮಗಳು ಮಾತಿಗೆ ಮಾತು ಕೊಡುವವಳು. ಅವತ್ತು ಮಾತ್ರ ತನ್ನ ಬರಿಗಾಲನ್ನೇ ನೋಡುತ್ತ ನಿಂತಳು.

“ಆಯಿ, ಬಿದ್ದದ್ದು ನನಗ ಗೊತ್ತಾಗಲೇ ಇಲ್ಲ.”

ಚಪ್ಪಲಿ ನಮ್ಮ ಮೆಟ್ಟಿಲ ಮೇಲೆಯೇ ಬಿದ್ದಿತ್ತು. ಹತ್ತೊಂಬತ್ತರ ಹುಡುಗಿ. ಎರಡು ವಾರದ ಹಿಂದೆ ಹೊಟ್ಟೆ ಕೆಟ್ಟು ಮಲಗಿದ್ದಳು, ಆಮೇಲೆ ಚೆನ್ನಾಗಿಯೇ ಇದ್ದಳು. ನಿಶ್ಶಕ್ತಿ ಇರಬೇಕು ಎಂದುಕೊಂಡು ಮಜ್ಜಿಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಅವಳಿಗೆ ಮಂಚದಿಂದ ಏಳಲಾಗಲಿಲ್ಲ. ಸಂಜೆಗೆ ಚಹಾದ ಕಪ್ಪು ಹಿಡಿಯಲಾಗಲಿಲ್ಲ.

ಮೂರನೆಯ ದಿನ ಉಸಿರು ಸಾಲಲಿಲ್ಲ, ಆಸ್ಪತ್ರೆಗೆ ಒಯ್ದೆವು.

ನಾನು ಮೂರನೇ ಇಯತ್ತೆ ಓದಿದವಳು. ಇಷ್ಟು ವರ್ಷ ನಾನು ಬರೆದದ್ದೆಂದರೆ ಕಿರಾಣಿ ಚೀಟಿ. ಆದರೆ ಇದನ್ನು ಬರೆಯದೆ ಇರಲಾರೆ, ಎದೆಯಲ್ಲಿ ಹಿಡಿಸುತ್ತಿಲ್ಲ. ಕಾಗುಣಿತ ತಪ್ಪಿದಲ್ಲಿ ಮೇಘಾಳ ತಾಯಿ, ನನ್ನ ಸೊಸೆ ವಿದ್ಯಾ ತಿದ್ದಿದ್ದಾಳೆ.

ರೋಗದ ಹೆಸರು ಜಿಬಿಎಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ನರಗಳ ಮೇಲೆ ಬೀಳುತ್ತದಂತೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಏರುತ್ತದೆ; ಇಳಿಯುವಾಗ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಬಿಟ್ಟುಕೊಡುತ್ತದೆ. ಡಾಕ್ಟರಮ್ಮ ಇಷ್ಟನ್ನು ನನ್ನ ಮಗನಿಗೆ ಹೇಳಿದರು. ಯಾವಾಗ ಇಳಿಯುತ್ತದೆ ಎಂದು ಅವನು ಕೇಳಿದ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಕೆಲವರಿಗೆ ಪೂರ್ತಿ ಇಳಿಯುವುದಿಲ್ಲ ಎಂದರು. ಡಿಫೆನ್ಸ್ ಯೂನಿಟ್ಟಿನಲ್ಲಿ ಮಂದಿಯನ್ನು ಆಳುವ ನನ್ನ ಮಗ ಗೋಡೆ ಹಿಡಿದು ಕೂತುಬಿಟ್ಟ.

ಐದು ದಿನ ರಕ್ತನಾಳಕ್ಕೆ ಇಂಜೆಕ್ಷನ್ ಏರಿಸಿದರು. ಕೊರಳಿಗೆ ತೂತು ಮಾಡಿ ವೆಂಟಿಲೇಟರಿನ ನಳಿಗೆ ಇಟ್ಟರು. ಮೇಘಾಳಿಗೆ ಮಾತಿಲ್ಲ, ಕೈಕಾಲಿಲ್ಲ. ಕಣ್ಣಿನ ರೆಪ್ಪೆ ಮಾತ್ರ ಅವಳ ಮಾತು ಕೇಳುತ್ತಿತ್ತು. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ.

“ಲೋಪಲ ಅನ್ನೀ ತೆಲುಸಮ್ಮಾ,” ಎಂದಳು ಐಸಿಯುವಿನ ತೆಲುಗು ಸಿಸ್ಟರ್. ಒಳಗೆ ಅವಳಿಗೆ ಎಲ್ಲ ತಿಳಿಯುತ್ತದೆ, ಮಾತಾಡಿಸಿರಿ ಎಂದು. ಏನು ಮಾತಾಡಲಿ? ಮೊದಲ ದಿನ ಮೆಂತೆ ಸೊಪ್ಪಿನ ಸುದ್ದಿ ಹೇಳಿದೆ. ಎರಡನೇ ದಿನ ಹೇಳಲು ಏನೂ ಉಳಿಯಲಿಲ್ಲ. ಆಗ ಹಾಡು ನೆನಪಾಯಿತು.

ಅವಳಿಗೊಂದು ಹುಚ್ಚಿದೆ. ಜಪಾನಿನ ಒಂದು ರಾಕ್ ಬ್ಯಾಂಡು. ನಾಲ್ಕು ಜನ ಗಂಡಸರು, ಮೂವತ್ತು ವರ್ಷಕ್ಕೂ ಮೇಲಿನಿಂದ ಕೂಡಿ ಹಾಡುತ್ತಿದ್ದಾರೆ. ಅದರಲ್ಲೊಬ್ಬನ ಗಡ್ಡ ಪೂರ್ತಿ ಬಿಳಿ.

“ಈ ಮುದುಕರನ್ನ ಬಿಟ್ಟರ ಬ್ಯಾರೆ ಯಾರೂ ಸಿಗಲಿಲ್ಲೇನ ನಿನಗ?” ಎಂದು ಹಿಂದೊಮ್ಮೆ ಕೇಳಿದ್ದೆ.

“ನಿಮ್ಮ ಭಜನಿ ಮಂಡಳಿಯೊಳಗ ಎಲ್ಲಾರೂ ಹದಿನಾರರ ಹುಡಿಗ್ಯಾರೇನ, ಆಯಿ?”

ನಾವಿರುವ ತಾರ್ನಾಕದ ಕನ್ನಡ ಹೆಂಗಸರ ಭಜನಾ ಮಂಡಳಿಯಲ್ಲಿ ನಲವತ್ತು ವರ್ಷದಿಂದ ತಾಳ ಹಾಕುವವಳು ನಾನೇ.

ನನ್ನ ಪಾಲಿಗೆ ದಿನಕ್ಕೆ ಅರ್ಧ ಗಂಟೆ ಸಿಗುತ್ತಿತ್ತು, ಸಂಜೆ ನಾಲ್ಕರಿಂದ. ಸಿಸ್ಟರನ್ನು ಕೇಳಿ ಮೊಬೈಲು ಒಳಗೆ ಒಯ್ದೆ. ವೈರಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಮೊಬೈಲಿನಲ್ಲಿ ಆ ಬ್ಯಾಂಡಿನ ಹಾಡುಗಳಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಹಚ್ಚಿದೆ. ಲಕ್ಷಗಟ್ಟಲೆ ಮಂದಿ ನೋಡಿದ್ದು, ಕಾರ್ಟೂನಿನಲ್ಲಿ ಬಂದದ್ದು.

ರೆಪ್ಪೆ ಎರಡು ಸಲ ಮುಚ್ಚಿತು.

ಇನ್ನೊಂದು ಹಚ್ಚಿದೆ. ಮತ್ತೆ ಎರಡು ಸಲ. ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿದೆ. ಹುಡುಗಿಗೆ ಹಾಡೇ ಬೇಡವಾಗಿದೆ, ಮನಸ್ಸೇ ಹಿಂದೆ ಸರಿಯುತ್ತಿದೆ ಎಂದು ಹೆದರಿದೆ. ಮನೆಗೆ ಬಂದು ಅತ್ತೆ.

ವಿದ್ಯಾ ಎದ್ದು ಹೋಗಿ ಮೇಘಾಳ ನೋಟ್‌ಬುಕ್ಕು ತಂದಳು. ಅದರಲ್ಲೊಂದು ಯಾದಿ. ಈ ಬ್ಯಾಂಡನ್ನು ಪ್ರೀತಿಸುವವರು ಊರೂರುಗಳಿಂದ ವೋಟು ಹಾಕಿ ಆರಿಸಿದ ಇಪ್ಪತ್ತು ಹಾಡು.

“ಅತ್ತೀ, ನೀವು ಹಚ್ಚಿದ್ದು ಒಂದೂ ಇದರಾಗ ಇಲ್ಲರಿ.”

ಮೇಘಾ ನನಗೆ ಹೇಳಿದ್ದಳು, ನಾನೇ ಮರೆತಿದ್ದೆ. ಟಿ.ವಿ.ಯಲ್ಲಿ ಬರುವ ಹಾಡು ಬೇರೆ, ತಮ್ಮವರ ಹಾಡು ಬೇರೆ ಎಂದು. ಇದು ನನಗೆ ತಿಳಿಯದ ಮಾತೇನು? ನಮ್ಮ ಮಂಡಳಿಯಲ್ಲೂ ರೇಡಿಯೋದಲ್ಲಿ ಬಂದ ಪದಕ್ಕೆ ಹೆಂಗಸರು ಸುಮ್ಮನೆ ತಲೆ ಆಡಿಸುತ್ತಾರೆ. ಯಾರೂ ರೆಕಾರ್ಡು ಮಾಡದ ಒಂದು ಹಳೆಯ ಪದಕ್ಕೆ ಮಾತ್ರ, “ಅದನ್ನ ಹೇಳ್ರೀ, ಅದನ್ನ!” ಎಂದು ಗೋಗರೆಯುತ್ತಾರೆ.

ವಿದ್ಯಾ ಆ ಇಪ್ಪತ್ತನ್ನೂ ಸಾಲಾಗಿ ಮೊಬೈಲಿಗೆ ಹಾಕಿ, ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಟ್ಟಳು. ಮರುದಿನ ಇಪ್ಪತ್ತನೆಯದರಿಂದ ಶುರು ಮಾಡಿದೆ.

ರೆಪ್ಪೆ ಒಂದೇ ಸಲ ಮುಚ್ಚಿತು.

ದಿನಕ್ಕೆ ಎರಡು ಹಾಡು, ಒಂದೊಂದನ್ನು ಎರಡೆರಡು ಸಲ. ಮೊದಮೊದಲು ಅಟ್ಟದಿಂದ ಸ್ಟೀಲಿನ ಪಾತ್ರೆಗಳೆಲ್ಲ ಒಮ್ಮೆಗೇ ಬಿದ್ದಂತೆ ಕೇಳಿಸಿತು. ನಾಲ್ಕನೇ ದಿನದ ಹೊತ್ತಿಗೆ ಆ ಗದ್ದಲದ ಕೆಳಗೆ ಎಣಿಕೆ ಸಿಕ್ಕಿತು. ಎಣಿಕೆ ಸಿಕ್ಕ ಮೇಲೆ ಹಾಡೇ ಸಿಕ್ಕಿತು. ಒಂದಕ್ಷರ ತಿಳಿಯುವುದಿಲ್ಲ, ಆದರೆ ಆ ಬಿಳಿಗಡ್ಡದವನ ದನಿಯಲ್ಲಿ ಏನು ಅಂತಃಕರಣ! ಹದಿಮೂರನೇ ಹಾಡಿಗೆ ನಾನು ಸಿಸ್ಟರಿನ ಮುಂದೆಯೇ ಅತ್ತುಬಿಟ್ಟೆ. “ಏಂ ಪಾಟಮ್ಮಾ ಇದಿ?” ಎಂದಳು, ಇದು ಯಾವ ಹಾಡು ಎಂದು. ನಮ್ಮ ಹುಡುಗಿಯ ಭಜನೆ ಎಂದೆ.

ಆದರೆ ಮೈ ಮಾತ್ರ ಹಾಗೇ ಇತ್ತು. ದಿನಾ ಡಾಕ್ಟರಮ್ಮ ಬಂದು ಕೈ ಎತ್ತು, ಹೆಗಲು ಎತ್ತು ಎನ್ನುತ್ತಿದ್ದರು. ದಿನಾ ಏನೂ ಇಲ್ಲ.

ಹತ್ತನೇ ದಿನ ಒಂದನೇ ನಂಬರಿನ ಹಾಡು ಬಂತು. ಮೈದಾನದಲ್ಲಿ ಮಂದಿಯ ಮುಂದೆ ಹಾಡಿದ್ದು. ನಡುವೆ ಡ್ರಮ್ಮು ನಿಂತಿತು, ಗಿಟಾರು ನಿಂತಿತು, ಹಾಡುವವನೂ ನಿಂತ. ಆ ಖಾಲಿ ಜಾಗದಲ್ಲಿ ಸಾವಿರಾರು ಮಂದಿ ಒಂದು ಸಾಲನ್ನು ತಾವೇ ಎತ್ತಿಕೊಂಡು ಹಾಡಿದರು. ನನ್ನ ಮೈ ಜುಂ ಎಂದಿತು. ಮುಂದಿನವರು ಸಾಲು ಬಿಟ್ಟು ಸುಮ್ಮನಾಗುವುದು, ಹಿಂದಿನ ಮೇಳ ಅದನ್ನು ಎತ್ತಿಕೊಳ್ಳುವುದು. ಇದು ನಮ್ಮದೇ! ಸಮುದ್ರದಾಚೆಯವರಿಗೆ ಇದನ್ನು ಯಾರು ಹೇಳಿಕೊಟ್ಟರು? ಮನೆಯಲ್ಲಿ ಈ ಹಾಡು ಬಂದಾಗಲೆಲ್ಲ ಆ ಜಾಗಕ್ಕೆ ಮೇಘಾ ಬಲಗೈ ಮೇಲೆತ್ತಿ ಕಿರುಚುತ್ತಿದ್ದದ್ದು ನೆನಪಾಯಿತು.

ಎರಡನೇ ಸಲ ಹಚ್ಚಿದೆ. ಆ ಜಾಗ ಬಂತು.

ಅವಳ ಬಲಹೆಗಲಿನ ಮೇಲಿನ ಚಾದರ ಎದ್ದಿತು.

ಸಾಸಿವೆಯಷ್ಟು. ಆದರೆ ಎದ್ದಿತು. ನಾನು ಕೂಗಿದ ಕೂಗಿಗೆ ಸಿಸ್ಟರ್ ಓಡಿ ಬಂದಳು, ಹಿಂದೆಯೇ ಡಾಕ್ಟರಮ್ಮ. ಅವರು ಮೆತ್ತಗೆ ಹೇಳಿದರು: ವೆಂಟಿಲೇಟರು ಉಸಿರು ತಳ್ಳಿದಾಗ ಹೆಗಲು ಅಲುಗುತ್ತದೆ, ಮನೆಯವರಿಗೆ ಹಾಗೆ ಕಾಣುವುದು ಸಹಜ, ಅವಸರ ಬೇಡ.

“ನೈ ಬೇಟಾ,” ಎಂದೆ ನನಗೆ ಬರುವ ಹಿಂದಿಯಲ್ಲಿ. “ಮಷೀನ್ ಕಾ ತಾಲ್ ಅಲಗ್, ಗಾನೇ ಕಾ ತಾಲ್ ಅಲಗ್.” ಎರಡರ ತಾಳವೂ ಬೇರೆ ಬೇರೆ ಎಂದು.

ಡಾಕ್ಟರಮ್ಮ ನನ್ನನ್ನೇ ನೋಡಿದರು. ನನ್ನ ಕಿವಿಯ ವೈರು ತೆಗೆದು ಅವರಿಗೆ ಕೊಟ್ಟೆ. ಅವರು ಬಗ್ಗಿ, ಅಂಗೈಯನ್ನು ಮೇಘಾಳ ಹೆಗಲ ಮೇಲಿಟ್ಟರು. ನಾನು ಹಾಡು ಹಚ್ಚಿ ಮಂಚದ ಕಂಬಿಯ ಮೇಲೆ ಬೆರಳಿನಿಂದ ಎಣಿಸತೊಡಗಿದೆ. ಈಗ ನನಗೆ ಹಾಡಿಲ್ಲ, ಎಣಿಕೆ ಮಾತ್ರ. ಮಷೀನು ಉಸಿರು ತಳ್ಳಿತು. ಹೆಗಲು ಸುಮ್ಮನಿತ್ತು. ಮತ್ತೆ ತಳ್ಳಿತು. ಸುಮ್ಮನಿತ್ತು. ಎಣಿಕೆ ತಪ್ಪಿದೆನೇನೋ ಎನಿಸಿದರೂ ಬೆರಳು ನಿಲ್ಲಿಸಲಿಲ್ಲ. ಇನ್ನು ನಾಲ್ಕು, ಇನ್ನು ಎರಡು.

“ಈಗ,” ಎಂದೆ.

ಡಾಕ್ಟರಮ್ಮನ ಕಣ್ಣು ಅಗಲವಾಯಿತು. ಇನ್ನೊಮ್ಮೆ ಹಚ್ಚಿಸಿದರು. ಮತ್ತೆ ಅದೇ ಜಾಗಕ್ಕೆ. ಆಮೇಲೆ ವೈರು ತೆಗೆಸಿ, ಹಾಡಿಲ್ಲದೆ, “ಮೇಘಾ, ಎತ್ತಮ್ಮ” ಎಂದರು. ಹುಡುಗಿ ಎತ್ತಿದಳು! ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಬೆಟ್ಟಕ್ಕೆ ಹೆಗಲು ಕೊಟ್ಟಂತೆ ಎತ್ತಿದಳು.

ಇಳಿಯಲು ಶುರುವಾಗಿದೆ ಎಂದರು ಡಾಕ್ಟರಮ್ಮ. ಸಿಸ್ಟರ್ ಚಪ್ಪಾಳೆ ತಟ್ಟಿದಳು.

ಹಾಡಿನಿಂದ ರೋಗ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಔಷಧಿಯಿಂದ ವಾಸಿಯಾಯಿತು, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದ ಸಿಸ್ಟರುಗಳಿಂದ ಆಯಿತು, ದೇವರ ದಯೆಯಿಂದ ಆಯಿತು. ಹುಡುಗಿ ತಾನಾಗಿಯೇ ಮೇಲೆ ಬರುತ್ತಿದ್ದಳು, ಅವಳಿಗೆ ಒಂದು ಜಾಗ ಬೇಕಿತ್ತು. ಆ ನಾಲ್ಕು ಜನ ಪುಣ್ಯಾತ್ಮರು ಯಾವುದೋ ಕಾಲದಲ್ಲಿ ಹಾಡಿನ ನಡುವೆ ಅದನ್ನು ಬಿಟ್ಟಿದ್ದರು. ಇದನ್ನು ನೆನೆದಾಗಲೆಲ್ಲ ತಲೆ ತಾನೇ ಬಾಗುತ್ತದೆ.

ನಳಿಗೆ ತೆಗೆದ ಮೇಲೆ ಅವಳು ಆಡಿದ ಮೊದಲ ಮಾತು, ಒಡೆದ ದನಿಯಲ್ಲಿ: “ಆಯಿ, ಕಾರ್ಟೂನ್ ಹಾಡು ಹಚ್ಚಿ ಕೊಲ್ಲಾಕ ಹತ್ತಿದ್ದೆಲ್ಲ ನನ್ನ!”

ಮನೆಗೆ ಬಂದು ನಾಲ್ಕು ತಿಂಗಳಾಯಿತು. ಕೈ ಈಗ ಕಿವಿಯವರೆಗೆ ಏಳುತ್ತದೆ, ಅದರ ಮೇಲಕ್ಕೆ ಇನ್ನೂ ಇಲ್ಲ. ದಿನಾ ಫಿಜಿಯೋಥೆರಪಿ. ನಡಿಗೆ ವಾಕರಿನ ಮೇಲೆ. ಪಾದ ಪೂರ್ತಿ ಯಾವಾಗ ಬರುತ್ತದೆ ಎಂದು ಡಾಕ್ಟರಮ್ಮ ಮಾತು ಕೊಟ್ಟಿಲ್ಲ, ನಾವೂ ಕೇಳುವುದನ್ನು ಬಿಟ್ಟಿದ್ದೇವೆ. ಹಾಡುಗಳಿಗೆ ಈ ವರ್ಷದ ವೋಟನ್ನು ಇಬ್ಬರೂ ಹಾಕಿದೆವು. ನನ್ನದು ಹದಿಮೂರನೆಯದಕ್ಕೆ.

ನಿನ್ನೆ ಆಸ್ಪತ್ರೆಗೆ ತೋರಿಸಿಕೊಂಡು ಬಂದೆವು. ಮಗ ಒಂದು ಕಡೆ, ನಾನು ಒಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದೆವು. ಐದನೇ ಮೆಟ್ಟಿಲಿಗೆ ಮೇಘಾ ತಟ್ಟನೆ ನಿಂತಳು. ನೋವಾಯಿತೇನೋ ಎಂದು ನನ್ನ ಜೀವ ಹಾರಿತು.

“ಆಯಿ, ನನ್ನ ಚಪ್ಪಲಿ ಬಿತ್ತು.”

ಅವಳು ಕೆಳಗೆ ನೋಡಿರಲಿಲ್ಲ; ಬಿದ್ದದ್ದು ಪಾದಕ್ಕೇ ಗೊತ್ತಾಗಿತ್ತು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಆ ಚಪ್ಪಲಿಯನ್ನು ಎತ್ತಿ ಎದೆಗೆ ಹಿಡಿದುಕೊಂಡು ನಗುತ್ತ ಅಳುತ್ತ ಕೂಗಾಡಿದೆ. ಕೆಳಗಿನ ಮನೆಯಾಕೆ ಗಾಬರಿಯಾಗಿ ಬಾಗಿಲು ತೆಗೆದಳು.

“ಏಮೈಂದಮ್ಮಾ?”

“ಚಪ್ಪಲಿ ಬಿತ್ತವಾ,” ಎಂದೆ. “ನಮ್ಮ ಹುಡುಗೀ ಚಪ್ಪಲಿ ಬಿತ್ತು!”