ಉಳಿದವರ ಕಟ್ಟು

ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ. ಉಡುಪಿಯ ಉದ್ಯೋಗ ವಿನಿಮಯ ಕಚೇರಿಯಲ್ಲಿ ಗುಮಾಸ್ತರು. ಮೊಹರಿನ ಶಾಯಿ ಭಾನುವಾರವೂ ಬಿಡುತ್ತಿರಲಿಲ್ಲ. ಕುರ್ಚಿಯಲ್ಲಿ ಐದು ನಿಮಿಷ ಕೂತದ್ದನ್ನು ನಾನು ನೋಡಿಲ್ಲ. ನಿಂತೇ ನಮ್ಮ ನೋಂದಣಿ ಕಾರ್ಡು ನೋಡುವುದು, ನಿಂತೇ ಗದರುವುದು.

ಬಿ.ಕಾಂ. ಮುಗಿಸಿ ಕಾಪುವಿನಿಂದ ಹೋಗಿ ಹೆಸರು ಬರೆಸಿದವಳು ನಾನು. ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಕಾರ್ಡು ಸತ್ತ ಹಾಗೆ, ಸರದಿ ಮತ್ತೆ ಮೊದಲಿನಿಂದ. ನಾನು ಮರೆತೇ ಬಿಟ್ಟಿದ್ದೆ. ಅವರದೊಂದು ಅಂಚೆಕಾರ್ಡು ಬಂತು: ಶುಕ್ರವಾರದೊಳಗೆ ಬಾ. ಹೀಗೆ ಎಷ್ಟು ಜನಕ್ಕೆ ಬರೆಯುತ್ತಿದ್ದರೋ, ಸರ್ಕಾರ ಹೇಳಿದ ಕೆಲಸವಂತೂ ಅಲ್ಲ.

ಕೆಲಸ ಕೊಡಿಸುವ ಕೆಲಸವನ್ನೇ ಸರ್ಕಾರ ಖಾಸಗಿಯವರಿಗೆ ವಹಿಸಿದಾಗ, ಮಣಿಪಾಲದ ಸಂಸ್ಥೆಯೊಂದಕ್ಕೆ ನನ್ನ ಹೆಸರು ಹೇಳಿದವರೂ ಅವರೇ. ನಾನು ಅಲ್ಲಿ ಸೇರಿದೆ. ಕೆಲಸ ಕೊಡಿಸಿದ ತಲೆಗೆ ಇಷ್ಟೆಂದು ಸಂಸ್ಥೆಗೆ ಸರ್ಕಾರದ ಹಣ. ಉಡುಪಿಯಿಂದ ಬಂದ ಕಾರ್ಡುಗಳಲ್ಲಿ ನಾವು ನಿಟ್ಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರನ್ನು, ಅಂದರೆ ನಾವಿಲ್ಲದಿದ್ದರೂ ಕೆಲಸ ಸಿಗುವವರನ್ನು, ಆರಿಸಿಕೊಂಡೆವು. ಉಳಿದವರ ಕಾರ್ಡುಗಳನ್ನು ಕಟ್ಟಿ ಉಡುಪಿಗೇ ವಾಪಸ್ ಕಳಿಸಿದೆವು.

ಒಂದು ದಿನ ಆ ಕಟ್ಟು ಹಿಡಿದುಕೊಂಡು ಅವರೇ ಬಂದರು. ಮೇಲಿದ್ದದ್ದು ಕಾರ್ಕಳದ ಹೆಂಗಸೊಬ್ಬರ ಕಾರ್ಡು. ಪೋಲಿಯೋ ಕಾಲು, ಟೈಪಿಂಗ್ ಪಾಸು, ಎಂಟು ವರ್ಷದ ಕಾಯುವಿಕೆ. ಇವಳಿಗೊಂದು ನೋಡು ಎಂದರು. ನಾನು ನಮ್ಮ ಮ್ಯಾನೇಜರರ ಗಿಳಿಪಾಠ ಒಪ್ಪಿಸಿದೆ: ಆಸ್ಟ್ರೇಲಿಯಾದಲ್ಲೂ ಈಗ ಖಾಸಗಿಯವರೇ ಹೀಗೆ ಕೆಲಸ ಕೊಡಿಸುವುದು ಸರ್.

"ಆಗಲಿ. ಅಲ್ಲಿ ಉಳಿದವರನ್ನು ಎಂತ ಮಾಡ್ತಾರಂತೆ ಮಾರಾಯ್ತಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಅವರ ಮೇಲೇ ಸಿಟ್ಟು ಬಂತು. ಅವರು ಕಟ್ಟು ಎತ್ತಿಕೊಂಡು ಹೊರಟುಹೋದರು, ನೀರು ಕೂಡ ಕುಡಿಯಲಿಲ್ಲ.

ಮರುವರ್ಷ ಅವರ ಪ್ರಶ್ನೆಗೆ ಉತ್ತರ ಬಂತು. ಹೊರದೇಶಗಳಲ್ಲೂ ಸುಲಭದವರನ್ನೇ ಆರಿಸುವ ಚಾಳಿ ಕಂಡು ನಿಯಮ ಬದಲಿಸಿದರಂತೆ; ಇನ್ನು ನಮಗೂ ಕಷ್ಟದವರಿಗೆ ಕೆಲಸ ಕೊಡಿಸಿದರೆ ಹೆಚ್ಚು ಹಣ. ಆ ಕಟ್ಟಿಗಾಗಿ ಉಡುಪಿಗೆ ಓಡಿದೆ. ಅವರು ತೀರಿಕೊಂಡು ಹದಿನೈದು ದಿನವಾಗಿತ್ತು.

ಕಾರ್ಡಿನ ವಿಳಾಸ ಹಿಡಿದು ಹೋದರೆ, ಕಾರ್ಕಳದ ಆ ಹೆಂಗಸು ಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದರು.

"ಉಡುಪಿಯ ಸರ್ ನನ್ನ ಜೊತೆ ಒಂಬತ್ತು ಅಂಗಡಿ ಹತ್ತಿ ಇಳಿದಿದ್ದಾರೆ," ಎಂದರು.

ಹೆಚ್ಚಿನ ಹಣ ಬರುತ್ತದೆ, ಆಕೆಯನ್ನು ನಮ್ಮ ಪಟ್ಟಿಗೇ ಸೇರಿಸು ಎಂದರು ಮ್ಯಾನೇಜರು. 'ಕೆಲಸ ಕೊಡಿಸಿದವರು' ಎಂಬಲ್ಲಿ ನಮ್ಮ ಸಂಸ್ಥೆಯ ಹೆಸರು ಬರೆದು ಮೊಹರು ಒತ್ತಿದೆ. ಹೆಬ್ಬೆರಳಿಗೆ ಶಾಯಿ ಹತ್ತಿತು. ಸೋಪು ಹಾಕಿ ತಿಕ್ಕಿದೆ. ಒಂದೇ ಸಲಕ್ಕೆ ಹೋಯಿತು. ಅಷ್ಟು ಸುಲಭಕ್ಕೆ ಹೋದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ.