ಶರೀಫಾಳ ಬಲಗಣ್ಣು

ಯಲ್ಲಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಕೇರಿಯಲ್ಲಿ ರವಿಕೆ ಹೊಲಿಯುವ ಶರೀಫಾಳ ಬಲಗಣ್ಣು ಸರಿಯಿಲ್ಲವೆಂಬುದು ಅವಳ ಗಂಡ ಇಸಾಕ್‌ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಕಣ್ಣೊಂದರಿಂದಲೇ ನೋಡಿದರೆ ಎದುರಿಗಿದ್ದವರ ಕಿವಿ, ಹೆಗಲು, ತಲೆಯ ಮೇಲಿನ ಸೆರಗು ಕಾಣುತ್ತಿದ್ದವು. ಮುಖ ಇರಬೇಕಾದ ಜಾಗದಲ್ಲಿ ಬೂದುಬಣ್ಣದ ಮಚ್ಚೆಯೊಂದು ಕೂತಿರುತ್ತಿತ್ತು. ಸೂಜಿಗೆ ದಾರ ಪೋಣಿಸುವುದು, ಕಾಜಾ ಹಾಕುವುದು, ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡಿಸುವುದು ಎಲ್ಲವೂ ಎಡಗಣ್ಣಿನ ಕೆಲಸ. ಸಣ್ಣವಳಿದ್ದಾಗ ಜ್ವರ ಬಂದು ಹೀಗಾಯಿತು ಎಂದು ಮದುವೆಯಾದ ಹೊಸತರಲ್ಲಿ ಇಸಾಕ್‌ಗೆ ಹೇಳಿದ್ದಳು. ಲಾರಿ ಓಡಿಸುವ ಅವನು ಹೆಚ್ಚು ಕೆದಕುವ ಮನುಷ್ಯನಲ್ಲ. ನಂಬಿ ಸುಮ್ಮನಾಗಿದ್ದ.

ಆಗಿದ್ದು ಜ್ವರದಿಂದಲ್ಲ. ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ಯಲ್ಲಾಪುರದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋದ ದಿನ ಅವಳಿಗೆ ಹತ್ತು ತುಂಬಿ ಹನ್ನೊಂದು ನಡೆಯುತ್ತಿತ್ತು. ಮಧ್ಯಾಹ್ನ ಮೂರು ಗಂಟೆಗೆಲ್ಲ ಪೇಟೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಂಗಡಿಗಳು ಮುಚ್ಚಿದ್ದವು, ಕಿಟಕಿಗಳಿಗೆಲ್ಲ ಗೋಣಿಚೀಲ ಇಳಿಬಿಟ್ಟಿದ್ದರು. ಶರೀಫಾಳ ಅಮ್ಮ ಒಳಗೆ ನಮಾಜಿಗೆ ನಿಂತಾಗ ಹುಡುಗಿ ಹಿತ್ತಿಲಿಗೆ ಜಾರಿದಳು. ಪಕ್ಕದ ಮನೆಯಲ್ಲಿ ನೀಲಾ ಇದ್ದಳು. ಉಮ್ಮಚಗಿ ಕಡೆಯವರಾದ ಅವಳ ಅಪ್ಪ ತಾಲೂಕು ಕಚೇರಿಯ ಗುಮಾಸ್ತರು. ಮಗಳನ್ನು ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಗೆ ಹಾಕಿ ಚಿಲಕ ಎಳೆದಿದ್ದರು. ಕೋಣೆಯ ಮುಚ್ಚಿದ ಕಿಟಕಿಯ ಹಿಂದಿನಿಂದ ನೀಲಾಳ ದನಿ ಬಂತು.

“ಏ ಶರೀಫಾ, ಎಂತ ಕಾಣ್ತು? ಹೇಳೆ.”

ಶರೀಫಾ ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ ಮೇಲೆ ನೋಡಿದಳು. “ಕುಡುಗೋಲಿನ ಹಾಂಗೆ ಉಂಟು,” ಅಂದಳು.

“ಈಗ?”

“ಇನ್ನೂ ಸಣ್ಣ ಆಯ್ತು.”

ಪೂರ್ತಿ ಕತ್ತಲಾಗಿ ಮತ್ತೆ ಬೆಳಕು ಚಿಮ್ಮಿದ ಮೇಲೂ ನೀಲಾ, ಇನ್ನೊಂದು ಸಲ ನೋಡಿ ಹೇಳೆ, ಇನ್ನೊಂದೇ ಸಲ ಎನ್ನುತ್ತಲೇ ಇದ್ದಳು. ಶರೀಫಾ ನೋಡುತ್ತಲೇ ಇದ್ದಳು. ನೋವೇನೂ ಆಗಲಿಲ್ಲ. ಸಂಜೆ ಊಟಕ್ಕೆ ಕೂತಾಗ ತಟ್ಟೆಯಲ್ಲಿನ ರೊಟ್ಟಿಯ ನಡುವೆ ತೂತು ಬಿದ್ದ ಹಾಗೆ ಕಂಡಿತು. ಹೊರಗೆ ಹೋಗಿದ್ದು ತಿಳಿದರೆ ಅಮ್ಮ ಚರ್ಮ ಸುಲಿಯುತ್ತಾಳೆಂದು ಬಾಯಿ ಬಿಡಲಿಲ್ಲ. ನೀಲಾಳಿಗೂ ಹೇಳಲಿಲ್ಲ. ಮೊದಮೊದಲು ಹೆದರಿಕೆಯಿಂದ, ಆಮೇಲೆ ಹೇಳಿದರೆ ಅವಳಿಗೆ ಎಷ್ಟು ಸಂಕಟವಾದೀತು ಎಂದು.

ಇಬ್ಬರ ಗೆಳೆತನ ಮಾತ್ರ ಕಡಿಯಲಿಲ್ಲ. ನೀಲಾ ಓದಿ, ಹುಲೇಕಲ್ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ, ಮದುವೆಯ ಗೋಜಿಗೆ ಹೋಗದೆ ಶಿರಸಿಯಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದಳು. ತನ್ನ ಊರಿನ ಮೇಲೇ ಹಾದುಹೋದ ಗ್ರಹಣ ತನಗೆ ತಪ್ಪಿತಲ್ಲ ಎಂಬ ಕೊರಗು ಅವಳನ್ನು ಬಿಟ್ಟಿರಲಿಲ್ಲ. ಎರಡು ಸಾವಿರದ ಇಪ್ಪತ್ಮೂರರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಆಚೆ ಸಮುದ್ರದಲ್ಲಿ ಪೂರ್ಣಗ್ರಹಣ ಕಾಣುತ್ತದೆ, ನೋಡುವವರಿಗೆಂದೇ ಹಡಗು ಹೊರಡುತ್ತದೆ ಎಂದು ಗೊತ್ತಾದದ್ದೇ ಶರೀಫಾಳ ಮನೆಗೆ ಬಂದಳು.

“ಬೇಸಿಗೆ ರಜೆಯಲ್ಲೇ ಬಿದ್ದಿದ್ದು. ನಿನ್ನ ಟಿಕೆಟ್ಟಿನ ದುಡ್ಡೂ ಎಂದೇಯ. ನೀ ಬರದಿದ್ರೆ ಆನು ಹೋಗ್ತ್ನಿಲ್ಲೆ.”

“ಬೇಡ ಮಾರಾಯ್ತಿ. ನಂಗೆ ಕಾರವಾರದ ಸಮುದ್ರ ಕಂಡ್ರೇ ಕಾಲು ನಡುಗ್ತದೆ. ಅದೂ ಅಲ್ದೆ ರಂಜಾನ್ ತಿಂಗಳು.”

“ಹಡಗಿನಲ್ಲೂ ಉಪವಾಸ ಮಾಡ್ಲಾಗ್ತು.”

ಬಾರದಿರಲು ಇದ್ದ ನಿಜವಾದ ಕಾರಣ ಹೇಳುವ ಹಾಗಿರಲಿಲ್ಲ, ಸುಳ್ಳು ಕಾರಣಗಳು ನೀಲಾಳ ಮುಂದೆ ನಿಲ್ಲುತ್ತಿರಲಿಲ್ಲ. ಇಸಾಕ್ ಕೂಡ, ಒಂದು ಸಲ ಹೋಗಿ ಬಾ, ಬದುಕಿಡೀ ಮಷಿನ್ ತುಳಿದದ್ದೇ ಆಯ್ತು ಎಂದುಬಿಟ್ಟ. ಗ್ರಹಣದ ಹೊತ್ತಿಗೆ ಕೋಣೆಯೊಳಗೆ ಪರದೆ ಎಳೆದು ಮಲಗಿದರಾಯಿತು ಎಂದುಕೊಂಡು ಶರೀಫಾ ಹೂಂ ಅಂದಳು. ಆ ದಿನದಿಂದ ನಿದ್ದೆ ಕೆಟ್ಟಿತು. ಹೊಲಿಯುತ್ತ ಹೊಲಿಯುತ್ತ ಎಡಗಣ್ಣು ಮುಚ್ಚಿ, ಇದೂ ಹೋದರೆ ಎಷ್ಟು ಕಂಡೀತು ಎಂದು ನೋಡುತ್ತಿದ್ದಳು. ಬಟ್ಟೆ ಕಾಣುತ್ತಿತ್ತು, ಹೊಲಿಗೆ ಕಾಣುತ್ತಿರಲಿಲ್ಲ.

ಹಡಗು ಏಳೆಂಟು ಅಂತಸ್ತಿನ ಕಟ್ಟಡದಂತಿತ್ತು. ಆದರೆ ಕಟ್ಟಡದ ಹಾಗೆ ಸುಮ್ಮನೆ ನಿಲ್ಲುತ್ತಿರಲಿಲ್ಲ. ಮಲಗಿದರೆ ಗೋಡೆಯೊಳಗಿನಿಂದ ಕಟಕಟ ಸದ್ದು ಬರುತ್ತಿತ್ತು. ಮೊದಲ ದಿನವೇ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ, ಹಡಗು ಮುಳುಗಿದರೆ ಎಲ್ಲಿ ನಿಲ್ಲಬೇಕೆಂದು ತೋರಿಸಿದರು. ಎಲ್ಲ ಮುಗಿದ ಮೇಲೂ ಶರೀಫಾ ಜಾಕೆಟ್ಟಿನ ಪಟ್ಟಿ ಬಿಡಲಿಲ್ಲ. ಇಲ್ಲಿ ಸೂರ್ಯನೂ ಪರಕೀಯ. ನಡುಹಗಲಿನಲ್ಲಿ ಉತ್ತರಕ್ಕೆ ವಾಲಿಕೊಂಡಿರುತ್ತಿದ್ದ. ನಮಾಜಿನ ದಿಕ್ಕು ಯಾವುದೆಂದು ದಿನಕ್ಕೈದು ಸಲ ನೀಲಾಳ ಫೋನಿನಲ್ಲಿ ನೋಡಬೇಕಾಗುತ್ತಿತ್ತು.

ಗ್ರಹಣದ ಹಿಂದಿನ ಸಂಜೆ ದೊಡ್ಡ ಹಾಲಿನಲ್ಲಿ ಕಣ್ಣಿನ ಡಾಕ್ಟರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಮಾತಾಡಿದರು. ನೀಲಾ ಪಕ್ಕದಲ್ಲಿ ಕೂತು ಪಿಸುದನಿಯಲ್ಲಿ ಹೇಳುತ್ತಿದ್ದಳು.

“ಬರಿಗಣ್ಣಲ್ಲಿ ನೋಡಿದ್ರೆ ಕಣ್ಣಿನ ಒಳಗೋಡೆ ಸುಡ್ತಡ. ನೋವೇ ಆಗ್ತಿಲ್ಲೆಡ. ನೋಡು, ಇದು ಅಂಥವರ ಕಣ್ಣಿನ ಒಳಗಿನ ಫೋಟೋ.”

ಕಿತ್ತಳೆ ಬಣ್ಣದ ದೊಡ್ಡ ವೃತ್ತದ ನಡುವೆ ಕುಡುಗೋಲಿನ ಆಕಾರದ ಚಿಕ್ಕ ಕಲೆಯಿತ್ತು. ನೋಡಿದವರ ಕಣ್ಣೊಳಗೆ ಸೂರ್ಯ ಅದೇ ಆಕಾರದಲ್ಲಿ ಉಳಿದಿದ್ದ. ಶರೀಫಾಳಿಗೆ ತನ್ನ ಕಣ್ಣಿನ ಒಳಭಾಗವನ್ನೇ ಕಿತ್ತು ಇಷ್ಟು ಜನರ ಮುಂದೆ ಹರಡಿದಂತಾಯಿತು. ಎದ್ದು, ಕುರ್ಚಿಗಳ ಬೆನ್ನು ಹಿಡಿದು ಹಿಡಿದು ಹೊರಗೆ ಬಂದಳು. ನೀಲಾ ಹಿಂದೆಯೇ ಬಂದಳು.

“ಎಂತ ಆತೆ? ವಾಂತಿ ಬಂದ ಹಾಂಗೆ ಆಗ್ತಾ?”

ಶರೀಫಾ ಬೆಳಕಿಗೆ ಬೆನ್ನು ಹಾಕಿ ಅಳುತ್ತಿದ್ದಳು. ನೀಲಾ ಅವಳ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ಯಾವಾಗಲೂ ಒಂದು ಪಕ್ಕಕ್ಕೆ ಕೊಂಕುವ ಆ ಕತ್ತು ಎಷ್ಟೋ ವರ್ಷದಿಂದ ಕಂಡದ್ದೇ. ಏಕೆಂದು ಒಮ್ಮೆಯೂ ಕೇಳಿರಲಿಲ್ಲ. ಅವಳ ದನಿ ಕೆಳಗಿಳಿಯಿತು.

“ಯಾವ ಕಣ್ಣು?”

“ಬಲಗಡೇದು.”

“ಅವತ್ತೇಯಾ?”

“ಹೌದು.”

“ಎಂತಕ್ಕೆ ಹೇಳಿದ್ದಿಲ್ಲೆ?”

“ಹೇಳಿ ಎಂತ ಮಾಡೋದಿತ್ತು? ನೀ ಹತ್ತು ವರ್ಷದವಳು. ನಾನೂ ಹತ್ತು ವರ್ಷದವಳು.”

ನೀಲಾ ಕಬ್ಬಿಣದ ಕಂಬಿ ಹಿಡಿದು ಸಮುದ್ರದ ಕಡೆ ನೋಡುತ್ತ ನಿಂತಳು. ಗ್ರಹಣಕಾಲದಲ್ಲಿ ಮಕ್ಕಳನ್ನು ಅಂಗಳಕ್ಕೆ ಕರೆತಂದು ಕನ್ನಡಕ ಕೊಟ್ಟು ತೋರಿಸುತ್ತಿದ್ದ, ಹೆದರುವ ತಾಯಂದಿರಿಗೆ ಬುದ್ಧಿ ಹೇಳುತ್ತಿದ್ದ ಹೆಂಗಸು ಅವಳು.

“ನಾಳೆ ಆನು ಮೇಲೆ ಬತ್ನಿಲ್ಲೆ,” ಅಂದಳು.

ಬೆಳಗ್ಗೆ ಹತ್ತು ಗಂಟೆಗೆ ಧ್ವನಿವರ್ಧಕದಲ್ಲಿ ಏನೋ ಕೂಗಿ ಹೇಳಿದರು. ಮೇಲಂತಸ್ತಿಗೆ ಓಡುವವರ ಹೆಜ್ಜೆಗಳು ತಲೆಯ ಮೇಲೆ ದಡದಡ ಕೇಳಿಸಿದವು. ನೀಲಾ ಗೋಡೆಗೆ ಮುಖ ಮಾಡಿ ಮಲಗಿಯೇ ಇದ್ದಳು. ಮುಚ್ಚಿದ ಪರದೆ, ಕತ್ತಲೆ ಕೋಣೆ. ಶರೀಫಾ ತನಗೆ ಬೇಕಾದದ್ದು ಇದೇ ಅಲ್ಲವೇ ಎಂದುಕೊಂಡಳು. ಆದರೆ ನೀಲಾ ಇಷ್ಟು ದೂರ ಬಂದು, ತನ್ನ ದೆಸೆಯಿಂದ ಮತ್ತೆ ಕೋಣೆಯೊಳಗೇ ಉಳಿದುಹೋಗುತ್ತಾಳಲ್ಲ ಎಂಬುದು ಹೆದರಿಕೆಗಿಂತ ಜೋರಾಗಿ ಚುಚ್ಚತೊಡಗಿತು. ಒಂದು ಗಂಟೆ ತಡೆದುಕೊಂಡಳು. ಆಮೇಲೆ ನೀಲಾಳ ರಟ್ಟೆ ಹಿಡಿದು ಎಬ್ಬಿಸಿದಳು.

“ಏಳು. ನಾ ಬರ್ತೇನೆ. ಕೆಳಗೆ ನೋಡ್ತಾ ನಿಲ್ತೇನೆ, ಅಷ್ಟೇ.”

ಮೇಲೆ ನೂರಾರು ಜನ ಕಪ್ಪು ಕನ್ನಡಕ ಹಾಕಿ, ಬಾಯಿ ತೆರೆದು ಆಕಾಶ ನೋಡುತ್ತಿದ್ದರು. ಶರೀಫಾ ದುಪಟ್ಟಾವನ್ನು ಹಣೆಯ ಮುಂದಕ್ಕೆ ಎಳೆದುಕೊಂಡು ನೆಲ ನೋಡಿದಳು. ಅಲ್ಲೂ ಬಿಡಲಿಲ್ಲ. ಜನರ ಹುಲ್ಲಿನ ಟೊಪ್ಪಿಗೆಗಳ ತೂತುಗಳಿಂದ ಇಳಿದ ಬಿಸಿಲು ಮರದ ಹಲಗೆಗಳ ಮೇಲೆಲ್ಲ ಸಣ್ಣಸಣ್ಣ ಕುಡುಗೋಲುಗಳಾಗಿ ಬಿದ್ದಿತ್ತು. ಅವಳ ಚಪ್ಪಲಿಯ ಮೇಲೆ, ಕೈಯ ಮೇಲೆ, ನೀಲಾಳ ಸೀರೆಯ ಮೇಲೆ. ಒರೆಸಿಕೊಳ್ಳುವವಳಂತೆ ಕೈಯನ್ನು ಬಟ್ಟೆಗೆ ಉಜ್ಜಿದಳು. ಕುಡುಗೋಲುಗಳು ಸಪೂರವಾಗುತ್ತ ಹೋದವು. ಬಿಸಿಲಿಗೆ ಬಿಸಿಯೇ ಇಲ್ಲದಾಯಿತು. ಗಾಳಿ ತಣ್ಣಗಾಗಿ, ಮನುಷ್ಯರ ಮೈಬಣ್ಣ ಬೂದಿಯಾಯಿತು. ಪಶ್ಚಿಮದ ನೀರಿನ ಮೇಲಿನಿಂದ ಕತ್ತಲೆಯೊಂದು ಹಡಗಿನತ್ತ ನುಗ್ಗಿ ಬರುವುದನ್ನು ಕಂಡು ಅವಳು ಕಣ್ಣು ಮುಚ್ಚಿ ಕಲಿಮಾ ಹೇಳಿಕೊಳ್ಳತೊಡಗಿದಳು.

ಜನ ಕೂಗಿದರು. ಧ್ವನಿವರ್ಧಕವೂ ಕೂಗಿತು.

“ಎಂತ ಹೇಳ್ತಾ ಇದ್ದಾರೆ?”

“ಕನ್ನಡಕ ತೆಗೀರಿ ಹೇಳಿ,” ಎಂದಳು ನೀಲಾ. ಅವಳು ತೆಗೆದಿರಲಿಲ್ಲ. ಎರಡೂ ಕೈಯಿಂದ ಕನ್ನಡಕವನ್ನು ಮುಖಕ್ಕೆ ಒತ್ತಿ ಹಿಡಿದಿದ್ದಳು. “ಎಂಗೆ ಎಂತದೂ ಕಾಣ್ತಿಲ್ಲೆ, ಬರೀ ಕಪ್ಪು. ತೆಗೆಯಲೆ ಹೆದ್ರಿಕೆ ಆಗ್ತು.”

ಸೂರ್ಯ ಪೂರ್ತಿ ಮುಚ್ಚಿ, ಬರಿಗಣ್ಣಿಗೆ ಅಪಾಯವಿಲ್ಲದೆ ಇರುವುದೇ ಒಂದು ನಿಮಿಷ. ಅದನ್ನು ನೀಲಾಳೇ ನೂರು ಸಲ ಹೇಳಿದ್ದಳು. ಶರೀಫಾ ಎಡಗಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು. ಬಲಗಣ್ಣಿನಲ್ಲಿ ಕಳೆದುಕೊಳ್ಳಲು ಇನ್ನೇನಿತ್ತು? ಮುಖ ಎತ್ತಿ ಆ ಕಣ್ಣು ತೆರೆದಳು.

ನಡುವೆ ಯಾವತ್ತಿನ ಮಚ್ಚೆ. ಸೂರ್ಯನೂ ಚಂದ್ರನೂ ಅದರ ಹಿಂದೆ ಮುಳುಗಿದ್ದರು. ಆದರೆ ಮಚ್ಚೆಯ ಅಂಚಿನಾಚೆಗೆ, ಸುತ್ತಲೂ, ರೇಷ್ಮೆ ಎಳೆ ಬಿಡಿಸಿ ಹರಡಿದಂತೆ ಬಿಳಿ ಬೆಳಕು ಚಾಚಿಕೊಂಡಿತ್ತು. ಅದು ಅಲುಗುತ್ತಿರಲಿಲ್ಲ, ಚುಚ್ಚುತ್ತಿರಲಿಲ್ಲ. ಪಕ್ಕದಲ್ಲಿ ಒಂದು ನಕ್ಷತ್ರ ಹಗಲಲ್ಲೇ ಹೊಳೆಯುತ್ತಿತ್ತು.

“ನಾ ನೋಡ್ತಾ ಇದ್ದೇನೆ, ನೀಲಾ. ತೆಗಿ.”

ನೀಲಾ ತೆಗೆಯಲಿಲ್ಲ. ಶರೀಫಾ ಕೈ ಚಾಚಿ ಕನ್ನಡಕವನ್ನು ಅವಳ ಮುಖದಿಂದ ಎಳೆದುಬಿಟ್ಟಳು. ನೀಲಾ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು, ಬಿಟ್ಟದ್ದು ಕೇಳಿಸಲಿಲ್ಲ. ಶರೀಫಾ ಆಗಲೇ ಎಣಿಸತೊಡಗಿದ್ದಳು. ಹದಿನೈದು, ಹದಿನಾರು, ಹದಿನೇಳು. ಬಿಳಿ ಎಳೆಗಳ ಒಂದು ಬದಿ ತುಸು ಪ್ರಖರವಾದಂತೆ ಕಂಡದ್ದೇ ತಡ, ಸೂರ್ಯ ಹೊರಬಂದನೆಂದು ನೀಲಾಳ ತಲೆಯನ್ನು ಬಾಚಿ ತನ್ನ ಎದೆಗೆ ಒತ್ತಿಕೊಂಡು, ತಾನೂ ಅವಳ ಹೆಗಲಿಗೆ ಮುಖ ಹುದುಗಿಸಿದಳು. ಬೆಳಕು ಬಂದಿತೋ ಇಲ್ಲವೋ ನೋಡಲಿಲ್ಲ. ಜನರ ಚಪ್ಪಾಳೆ ನಿಂತ ಮೇಲೂ ಬಿಡಲಿಲ್ಲ.

“ಉಸಿರು ಕಟ್ತಾ ಇದ್ದು, ಬಿಡೆ,” ಎಂದು ನೀಲಾ ಹೇಳಿದಾಗಲೇ ಬಿಟ್ಟಿದ್ದು.

“ಕಂಡ್ತಾ?”

“ಕಂಡ್ತು.” ಅಷ್ಟು ಹೇಳಿ ನೀಲಾ ಹಲಗೆಯ ಮೇಲೆ ಕುಸಿದು ಕೂತಳು.

ಆ ಮಧ್ಯಾಹ್ನವಿಡೀ ಇಬ್ಬರೂ ಕೋಣೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿ ಬಾಗಿಲ ಮೇಲಿನ ಸೂಚನಾಪತ್ರ ಓದಿದರು. ಶರೀಫಾಳಿಗೆ ಇಂಗ್ಲಿಷ್ ಬಾರದು, ಅಕ್ಷರಗಳ ಗೆರೆ ನೆಟ್ಟಗಿದೆಯೇ ಎಂದಷ್ಟೇ ನೋಡಿದಳು. ಸಂಜೆ ಖರ್ಜೂರ ತಿಂದು ರೋಜಾ ಬಿಡುವಾಗ ನೀರಿನ ಲೋಟವನ್ನು ಎಡಗಣ್ಣಿನೆದುರು ತುಂಬ ಹೊತ್ತು ಹಿಡಿದುಕೊಂಡಿದ್ದಳು. ಅಂದು ರಂಜಾನಿನ ಕೊನೆಯ ದಿನಗಳಲ್ಲೊಂದು. ಈದ್ ಹಬ್ಬದ ಚಂದ್ರ ಕಂಡಾನೇ ಎಂದು ಪಡುವಣ ದಿಕ್ಕು ನೋಡಿದರೆ ಬರೀ ಮೋಡವಿತ್ತು.

ಊರಿಗೆ ಬಂದ ಮೇಲೆ ಇಸಾಕ್‌ಗೆ ಎಲ್ಲವನ್ನೂ ಹೇಳಿದಳು.

“ಜ್ವರ ಅಂದಿದ್ದೆ,” ಎಂದ ಅವನು.

“ಹೌದು, ಅಂದಿದ್ದೆ.”

ಅವನು ಮರುವಾರ ಕೆಲಸಕ್ಕೆ ರಜೆ ಹಾಕಿ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದ. ನೀಲಾಳೂ ಜೊತೆಗಿದ್ದಳು. ನಲವತ್ಮೂರು ವರ್ಷಗಳಲ್ಲಿ ಆ ಕಣ್ಣನ್ನು ಡಾಕ್ಟರಿಗೆ ತೋರಿಸಿದ್ದು ಅದೇ ಮೊದಲು. ಔಷಧಿ ಬಿಟ್ಟು, ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಡಾಕ್ಟರು ಬಹಳ ಹೊತ್ತು ಇಣುಕಿದರು. ಬಲಗಣ್ಣಿನ ಕಲೆ ಹಳೆಯದು, ಅದು ಹೋಗುವಂಥದ್ದಲ್ಲ ಎಂದರು. ಎಡಗಣ್ಣಿಗೆ ಏನೂ ಆಗಿಲ್ಲ ಎಂದರು. ನೀಲಾಳ ಎರಡೂ ಕಣ್ಣು ಸರಿಯಿದ್ದವು.

“ಇನ್ನೊಂದು ಸಲ ನೋಡ್ತೀರಾ?” ಎಂದು ಶರೀಫಾ ಕೇಳಿದಳು. ಡಾಕ್ಟರು ಇನ್ನೊಂದು ಸಲ ನೋಡಿ ಅದನ್ನೇ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ನೀಲಾ ಏನೋ ಮಾತು ತೆಗೆದಳು. ಶರೀಫಾ ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದಳು. ಕಿರವತ್ತಿ ದಾಟಿದ್ದು ಅವಳಿಗೆ ಗೊತ್ತಾಗಲಿಲ್ಲ. ಯಲ್ಲಾಪುರದಲ್ಲಿ ಇಸಾಕ್ ತಟ್ಟಿ ಎಬ್ಬಿಸಬೇಕಾಯಿತು.