ಮೋಟ್ಯಾನ ನೀಲಿ

ಶಹಾಪುರದ ನಮ್ಮ ಸೋದರಮಾವನ ಮನೆಯ ಬಚ್ಚಲ ಗೂಡಿನಲ್ಲಿ ನೀಲಿಯ ಪುಟ್ಟ ಬಾಟಲಿಯೊಂದು ಸದಾ ಇರುತ್ತದೆ. ಮಾವನ ಧೋತರಗಳನ್ನು ಅತ್ತೆ ಒಗೆದು, ಬಕೆಟ್ಟಿನ ತಿಳಿನೀರಿಗೆ ಒಂದೆರಡು ಹನಿ ನೀಲಿ ಬಿಟ್ಟು, ಅದ್ದಿ ಹಿಂಡಿ ಮಾಳಿಗೆಯ ಮೇಲೆ ಹರವಿದರೆಂದರೆ, ಆ ಬಿಳುಪನ್ನು ನೋಡಲು ಕಣ್ಣು ಕಿರಿದು ಮಾಡಬೇಕು. ಹತ್ತಿಯ ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವ ಮಾವನಿಗೆ ಆ ಬಿಳುಪೇ ಅರ್ಧ ಮರ್ಯಾದೆ. ಬಿಳಿಯದನ್ನು ಬಿಳಿಯಾಗಿಡಲು ನೀಲಿಯೇ ಏಕೆ ಬೇಕು ಎಂಬುದು ನನಗೆ ಚಿಕ್ಕಂದಿನಿಂದಲೂ ಬಿಡಿಸಲಾಗದ ಒಗಟು. ಯಾದಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುವ ನಾನು ಎಷ್ಟೋ ಒಗಟುಗಳಿಗೆ ಉತ್ತರ ಹೇಳಿಕೊಟ್ಟಿದ್ದೇನೆ, ಇದೊಂದು ಮಾತ್ರ ಹಾಗೇ ಉಳಿದಿತ್ತು.

ಅದೇ ಮನೆಯಲ್ಲಿ ನೀಲಿ ಹಚ್ಚಿದ ಇನ್ನೊಂದು ವಸ್ತುವೂ ಇತ್ತು, ಮಾವನ ರಿವಾಲ್ವರು. ಅವರ ತಂದೆ ಹೈದರಾಬಾದಿನಿಂದ ತಂದ ಪರದೇಶದ ಮಾಲು. ಮೂತಿ ಗಿಡ್ಡವಾದ್ದರಿಂದ ಮನೆಯವರೆಲ್ಲ ಅದನ್ನು ‘ಮೋಟ್ಯಾ’ ಎನ್ನುತ್ತಿದ್ದರು. ಹೊರಗಿನವರ ಮುಂದೆ ಪಿಸ್ತೂಲು ಗಿಸ್ತೂಲು ಎಂದು ಬಾಯಿ ಬಿಡಬಾರದೆಂದು ಇಟ್ಟ ಹೆಸರು ಅದು. “ಮೋಟ್ಯಾ ಒಳಗ ಅದಾನಿಲ್ಲ?” ಎಂದು ಮಾವ ಕೇಳುವುದು, “ಮಲಗ್ಯಾನ್ರಿ” ಎಂದು ಅತ್ತೆ ಹೇಳುವುದು. ಹೊಸದಾಗಿ ಬಂದ ಸೊಸೆ ಮೋಟ್ಯಾ ಎಂದರೆ ಬಾಲ ಮೋಟಾದ ನಾಯಿಯೆಂದು ತಿಳಿದು, ವಾರಗಟ್ಟಲೆ ಅವನಿಗಾಗಿ ರೊಟ್ಟಿ ಎತ್ತಿಟ್ಟಿದ್ದಳಂತೆ. ನೀವು ನಗಬಹುದು. ಆದರೆ ಒಂದೂ ರೊಟ್ಟಿ ತಿನ್ನದೆ ಇಡೀ ಮನೆಯನ್ನು ಹೆದರಿಸಿಟ್ಟಿದ್ದ ಪ್ರಾಣಿ ಅವನೊಬ್ಬನೇ.

ಹಿಂದೊಮ್ಮೆ ಸುರಪುರದ ದಾರಿಯಲ್ಲಿ ಮಾವನ ಜೀಪನ್ನು ನಾಲ್ಕು ಜನ ಅಡ್ಡಗಟ್ಟಿ ಹತ್ತಿಯ ರೊಕ್ಕ ಕಸಿದುಕೊಂಡಿದ್ದರು. ಅಂದು ಮೋಟ್ಯಾ ಮನೆಯ ತಿಜೋರಿಯಲ್ಲಿ ಮಲಗಿದ್ದ. ಆಮೇಲೆ ಅವನು ತಿಜೋರಿ ಬಿಟ್ಟು ಮಾವನ ತಲೆದಿಂಬಿನ ಕೆಳಗೆ ಬಂದ. ಚುನಾವಣೆ ಬಂದಾಗ ಲೈಸೆನ್ಸಿನವರೆಲ್ಲ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆ ವಾರಗಳಲ್ಲಿ ಮಾವನಿಗೆ ನಿದ್ದೆಯಿಲ್ಲ, ಅತ್ತೆಗೆ ಕಣ್ತುಂಬ ನಿದ್ದೆ. ಚುನಾವಣೆಗಳು ಇನ್ನೂ ಹೆಚ್ಚು ಬರಲಿ ಎಂದು ಮನಸಾರೆ ಹಾರೈಸಿದ ಮತದಾರರು ನಮ್ಮ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

ಈ ವರ್ಷ ಮೋಟ್ಯಾನ ಗುಂಡು ತುಂಬುವ ಉರುಳೆ ತಿರುಗದೆ ನಿಂತುಬಿಟ್ಟಿತು. ದುರಸ್ತಿ ಮಾಡಿಸೋಣವೆಂದು ಮಾವ ಹೊರಟರು, ಅತ್ತೆ ನಾನೂ ಬರುತ್ತೇನೆಂದರು, ಕಾರು ನಡೆಸಲು ನನ್ನನ್ನು ಕರೆದರು. ಕಲಬುರಗಿಯ ಬಂದೂಕಿನ ಅಂಗಡಿಯಲ್ಲಿ ವಯಸ್ಸಾದ ಸಾಹೇಬರೊಬ್ಬರು ಮೋಟ್ಯಾನನ್ನು ಬೆಳಕಿಗೆ ಹಿಡಿದು ಮುಖ ಕಿವುಚಿದರು.

“ಇದರಾಗ ಎಷ್ಟ್ ಗುಂಡು ಹಾರಿಸೀರಿ?”

“ಒಂದೂ ಇಲ್ರಿ,” ಎಂದರು ಮಾವ.

“ಹಂಗಾರ ಬಾವ್ಯಾಗ ಬಿದ್ದಿತ್ತೇನು?”

“ಇಲ್ರಿ. ವರ್ಷಾ ದಸರಾದ ಖಂಡೇಪೂಜಿಗಿ ತಾಟಿನಾಗ ಇಟ್ಟು ಪೂಜಿ ಮಾಡೀವಿ. ಈಬತ್ತಿ, ಕುಂಕುಮ, ಕಾಯಿನೀರು.”

ಸಾಹೇಬರು ಮೋಟ್ಯಾನನ್ನು ಮೆಲ್ಲಗೆ ಕೆಳಗಿಟ್ಟರು. “ಗುಂಡಿಗಿ ಕೆಡಲಾರದ ಸಾಮಾನು ಕಾಯಿನೀರಿಗಿ ಕೆಟ್ಟದ ನೋಡ್ರಿ. ಇನ್ನ ಇದು ಹಾರಿದರ ನಿಮ್ಮ ಕೈಗೇ ಹಾರತದ.”

ಆಮೇಲೆ ಅವರು ಹೇಳಿದ ಮಾತು ನನ್ನ ಹಳೆಯ ಒಗಟಿಗೆ ಬಂದು ತಾಗಿತು. ರಿವಾಲ್ವರಿನ ನೀಲಿ ಬಣ್ಣವಲ್ಲವಂತೆ, ಅದೂ ಒಂದು ನಮೂನೆಯ ತುಕ್ಕೇ ಅಂತೆ. ಬೇಕೆಂದೇ ತೆಳುವಾಗಿ ಹತ್ತಿಸಿದ ತುಕ್ಕು. ಅದು ಮೈಮೇಲಿದ್ದರೆ ಕೆಂಪು ತುಕ್ಕು ಬೇಗ ಒಳಗಿಳಿಯುವುದಿಲ್ಲ. ಧೋತರದ ನೀಲಿ ಹಳದಿಯನ್ನು ಮರೆಸುತ್ತದೆ, ಕಬ್ಬಿಣದ ನೀಲಿ ಕೆಂಪನ್ನು ತಡೆಯುತ್ತದೆ. ಅಂಜಿಕೆಯೂ ಹೀಗೇ ಇರಬೇಕು ಎನ್ನಿಸಿತು ನನಗೆ. ತೆಳ್ಳಗೆ ಮೈಗಂಟಿಕೊಂಡಿದ್ದರೆ ಮನುಷ್ಯನನ್ನು ಕಾಯುತ್ತದೆ, ಒಳಗಿಳಿದರೆ ಅವನನ್ನೇ ತಿನ್ನತೊಡಗುತ್ತದೆ.

ಕಪಾಟಿನಲ್ಲಿ ಮೋಟ್ಯಾನ ಜಾತಿಯದೇ ಇನ್ನೊಂದು ಪರದೇಶದ ಹಳೆಯ ಮಾಲು ಇತ್ತು. ಅದರ ಬೆಲೆ ಕೇಳಿ ಮಾವ ಮೀಸೆ ಒರೆಸಿಕೊಂಡರು. ಆಗ ಸಾಹೇಬರು ನಮ್ಮ ದೇಶದ ಕಾರ್ಖಾನೆಯದೇ ಒಂದನ್ನು ತೆಗೆದಿಟ್ಟರು. ಅದೂ ಗಿಡ್ಡ ಮೂತಿಯದೇ, ಅದಕ್ಕೂ ನೀಲಿ ಇತ್ತು. ಬೆಲೆ ಮಾತ್ರ ಅಷ್ಟಿಲ್ಲ. ನಾನು ಅಲ್ಲೇ ಮೊಬೈಲಿನಲ್ಲಿ ಎರಡರ ಬಗ್ಗೆಯೂ ಒಂದಿಷ್ಟು ಓದಿದೆ. ತುಟ್ಟಿಯ ಮಾಲಿನ ನೀಲಿ ಬಾವಿಯ ನೀರಿನಂತೆ ಆಳವಾಗಿ ಕಾಣುತ್ತದೆ, ಗುಂಡು ಹಾರಿಸಲು ಎಳೆಯುವ ಅದರ ಕುದುರೆ ಬೆಣ್ಣೆಯಲ್ಲಿ ಬೆರಳಿಟ್ಟಷ್ಟು ನಯ. ಸೋವಿಯದರ ನೀಲಿ ಮಂಕು, ಅಂಚುಗಳು ಒರಟು, ಕುದುರೆ ಬಿಗಿ. ಕೆಲಸದಲ್ಲಿ ಹೆಚ್ಚೇನೂ ಅಂತರವಿಲ್ಲ ಎಂದು ಬಲ್ಲವರು ಬರೆದಿದ್ದರು. ನಮ್ಮ ಭಾಷೆ ಬಂದೂಕಿನ ಕೀಲಿಗೆ ಕುದುರೆ ಎಂದು ಹೆಸರಿಟ್ಟಿದೆ ನೋಡಿ, ಅದು ನನಗೆ ಬಹಳ ಸೇರುತ್ತದೆ. ಏರಿದವನಿಗೆ ಲಗಾಮು ಹಿಡಿಯಲು ಬರಬೇಕು ಎಂಬ ಎಚ್ಚರಿಕೆ ಆ ಹೆಸರಿನಲ್ಲೇ ಇದೆ.

“ಅಸಲಿ ಅಸಲೀನೇ. ಇದೇನ್ ಬಿಡ್ರಿ,” ಎಂದು ಮಾವ ಮೂಗು ಮುರಿದರು.

ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: “ರಾಯಚೂರಿನ ದೊಡ್ಡ ಮನಿತನದ ಹೆಣ್ಣು ನಿಮಗ ಒಗ್ಗಲಿಲ್ಲಂತ ವಡಗೇರಾದ ಬಡವರ ಮನಿಯ ನನ್ನ ತಂದ್ರಿ. ನಾ ಬಾಳಿಲ್ಲೇನು?”

ಸಾಹೇಬರು ಕೆಮ್ಮಿ ಆಚೆ ತಿರುಗಿದರು. ಅಸಲಿಯ ಚಿಂತೆಯಲ್ಲಿ ಕೈಯಲ್ಲಿರುವುದರ ಬೆಲೆ ಮರೆಯುವುದು ಗಂಡಸರಿಗಷ್ಟೇ ಅಂಟಿದ ರೋಗವಲ್ಲ. ನನ್ನ ಕಪಾಟಿನಲ್ಲೂ ಉಡದೆ ಮಡಿಸಿಟ್ಟ ಅಸಲಿ ರೇಷ್ಮೆಯಿದೆ, ನಿತ್ಯ ಮಾನ ಕಾಯುವುದು ಸಂತೆಯಲ್ಲಿ ಕೊಂಡ ಸೀರೆಗಳು.

ಮಾವ ಹೊಸದನ್ನು ಕೈಗೆತ್ತಿಕೊಂಡರು. ಅದರಲ್ಲಿ ಗುಂಡಿಲ್ಲವೆಂದು ಸಾಹೇಬರು ತೆರೆದು ತೋರಿಸಿದ್ದರು. ಮಾವ ಗೋಡೆಯ ಕಡೆ ಹಿಡಿದು ಕುದುರೆ ಎಳೆದರು. ಅದು ಕದಲಲಿಲ್ಲ. ಇನ್ನೊಮ್ಮೆ ಎಳೆದರು. ಬೆರಳು ನಡುಗಿತು, ಮಣಿಕಟ್ಟು ನಡುಗಿತು, ಗಿಡ್ಡ ಮೂತಿ ಗೋಡೆಯ ಮೇಲೆಲ್ಲ ಅಲೆದಾಡಿತು. ಮಾವನ ಕೈ ಹಾಗೆ ನಡುಗುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಸುರಪುರದ ಗುಡ್ಡ ಹತ್ತುವಾಗ ಬಿಗಿಯಾಗಿ ಹಿಡಿದಿದ್ದ ಕೈ ಅದು.

“ಹೊಸದರ ಕುದುರಿ ಬಿಗಿ ಇರತದ್ರಿ,” ಎಂದರು ಸಾಹೇಬರು, ಬಹಳ ಮೆತ್ತಗೆ.

“ವಿಚಾರ ಮಾಡಿ ಬರ್ತೀವ್ರಿ,” ಎಂದು ಮಾವ ಎದ್ದರು.

ಮರಳುವ ದಾರಿಯಲ್ಲಿ ಜೇವರ್ಗಿ ದಾಟಿದ ಮೇಲೆ ಮಾವ ಚಹಾ ತರಲು ಇಳಿದರು. ಅತ್ತೆ ಕಿಟಕಿಯಾಚೆ ಅವರನ್ನೇ ನೋಡುತ್ತ ಕೂತಿದ್ದರು.

“ಯವ್ವಾ, ಎಲ್ಲಾರೂ ಪೂಜಿಗಿ ಎರಡು ಹನಿ ಚಿಮುಕಿಸ್ತಾರ. ನಾ ಬೇಕಂತೇ ಮೋಟ್ಯಾನ ಮ್ಯಾಲ ಇಡೀ ಕಾಯಿನೀರು ಸುರೀತಿದ್ದೆ.”

ನಾನು ತಿರುಗಿ ನೋಡಿದೆ.

“ಒಂದಿನ ನಸುಕಿನ್ಯಾಗ ಹಿತ್ತಲ ಬಾಗಿಲಿಂದ ಒಳಗ ಬಂದೆ. ನಿಮ್ಮ ಮಾವ ನಿದ್ದಿಗಣ್ಣಾಗ ಎದ್ದು ಮೋಟ್ಯಾನ್ನ ನನ್ನ ಎದಿಗಿ ಹಿಡಿದು ‘ಯಾರಂವಾ’ ಅಂದ್ರು. ಕೈ ಹಿಂಗಽ ನಡಗತಿತ್ತು. ಮೋಟ್ಯಾನ್ನ ಬಿಡ್ರಿ ಅಂದ್ರ, ಅಂಜುಬುರುಕ ಅಂದಂಗ ಆಗತದ ಅವರಿಗಿ. ಪೂಜಿ ಮಾಡಬ್ಯಾಡ ಅಂತ ಮಾತ್ರ ಯಾರೂ ಅನ್ನಂಗಿಲ್ಲಲ್ಲ.”

ಅಷ್ಟರಲ್ಲಿ ಮಾವ ಬಂದರು. ಎರಡು ಕಪ್ಪುಗಳಲ್ಲೂ ಅರ್ಧ ಚಹಾ ದಾರಿಯಲ್ಲೇ ತುಳುಕಿತ್ತು. ಅತ್ತೆ ಅದನ್ನು ಕಾಣದವರಂತೆ ಕುಡಿದರು.

ಮುಂದಿನ ವಾರ ಮಾವ ಮೋಟ್ಯಾನನ್ನು ಠಾಣೆಗೆ ಒಪ್ಪಿಸಿ, ಲೈಸೆನ್ಸೂ ಬೇಡವೆಂದು ಹೇಳಿ ಬಂದರು. ಸೋವಿಯದನ್ನೂ ಕೊಳ್ಳಲಿಲ್ಲ, ತುಟ್ಟಿಯದನ್ನೂ ಕೊಳ್ಳಲಿಲ್ಲ.

ಖಂಡೇಪೂಜೆಗೆ ನಾನು ಶಹಾಪುರದಲ್ಲೇ ಇದ್ದೆ. ತಾಟಿನಲ್ಲಿ ತಕ್ಕಡಿ, ಹತ್ತಿ ಅಂಡಿಗೆ ಎತ್ತುವ ಕೊಕ್ಕೆ, ಕುಡುಗೋಲು, ಈಳಿಗೆ ಇದ್ದವು. ನಡುವೆ ಮೋಟ್ಯಾನ ಜಾಗ ಖಾಲಿ. ನೀಲಿ ಹಾಕಿದ ಹೊಸ ಧೋತರ ಉಟ್ಟ ಮಾವ ಕಾಯಿ ಒಡೆದು, ನೀರು ತುಂಬಿದ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟರು.

“ಈ ಸಲ ಇಷ್ಟೂ ನೀರು ಎದರ ಮ್ಯಾಲ ಸುರೀತಿ?” ಎಂದು ಕೇಳಿದರು.

ಅತ್ತೆಯ ಮುಖದ ಬಣ್ಣ ಇಳಿಯಿತು. “ನಿಮಗ ಗೊತ್ತಿತ್ತೇನ್ರಿ?”

“ವರ್ಷಾ ನೋಡ್ತಿದ್ದೆ. ನಡಗೋದು ಕೈ ಅಷ್ಟಽ, ಕಣ್ಣಲ್ಲ.”

ಹಾಗೆಂದು ಮಾವ ತಮ್ಮ ಬಲಗೈಯನ್ನು ತಾಟಿನ ಖಾಲಿ ಜಾಗದ ಮೇಲೆ ಚಾಚಿದರು. ಅತ್ತೆ ಆ ಕೈಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ನಡುಗುವ ಅಂಗೈಗೆ ನೀರು ಹಾಕಿದರು. ಒಂದಿಷ್ಟು ಬೆರಳ ಸಂದಿಯಿಂದ ಸೋರಿ ಧೋತರದ ಮೇಲೆ ಬಿತ್ತು.

“ಕಾಯಿನೀರಿನ ಕಲಿ ನೀಲಿಗಿ ಹೋಗಂಗಿಲ್ರಿ,” ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

“ಇರ್ಲಿ ಬಿಡು,” ಎಂದರು ಮಾವ. ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ.